ತೂಕದ ಹೊದಿಕೆಯಮ್ಮ

ಕರ್ನಾಟಕದ ನಗರಗಳ ಗೃಹೋದ್ಯಮದ ಚರಿತ್ರೆಯಲ್ಲಿ ಹಪ್ಪಳ ಸಂಡಿಗೆಯವರು, ಚಟ್ನಿಪುಡಿಯವರು, ಸೀರೆಗೆ ಫಾಲ್ ಹೊಲಿದು ಕುಚ್ಚು ಕಟ್ಟಿಕೊಡುವವರು ಎಂಬ ಮೂರು ಶಾಖೆಗಳು ಬಹುಕಾಲದಿಂದ ಸುಪರಿಚಿತವಾಗಿದ್ದು, ಈಚಿನ ವರ್ಷಗಳಲ್ಲಿ ಇವುಗಳ ಸಾಲಿಗೆ ಸೇರಿಕೊಂಡಿರುವ, ಸಂಖ್ಯೆಯಲ್ಲಿ ಅಲ್ಪವಾದರೂ ತೂಕದಲ್ಲಿ ಉಳಿದೆಲ್ಲವನ್ನೂ ಮೀರಿಸುವ ನಾಲ್ಕನೆಯ ಶಾಖೆಯೆಂದರೆ ತೂಕದ ಹೊದಿಕೆಯಮ್ಮನದು. ತೂಕದ ಹೊದಿಕೆ ಎಂದರೆ, ಎರಡು ಪದರ ಬಟ್ಟೆಯ ನಡುವೆ ಚದುರಂಗದ ಮಣೆಯಂತೆ ಚೌಕಗಳನ್ನು ಹೊಲಿದು, ಒಂದೊಂದು ಚೌಕದೊಳಗೂ ಪ್ಲಾಸ್ಟಿಕ್ ಹರಳುಗಳನ್ನೋ ಗಾಜಿನ ಸಣ್ಣ ಮಣಿಗಳನ್ನೋ ತೂಗಿ ತುಂಬಿ, ಹೊದ್ದವರ ಮೈಮೇಲೆ ಎಲ್ಲೆಡೆಯೂ ಸಮನಾದ ಭಾರ ಬೀಳುವಂತೆ ಮಾಡಿದ ಹೊದಿಕೆ. ಸದ್ದು, ಬೆಳಕು, ಸ್ಪರ್ಶಗಳು ಉಳಿದವರಿಗಿಂತ ಹೆಚ್ಚು ತಟ್ಟುವ, ಆಟಿಸಂ ಮೊದಲಾದ ಸ್ಥಿತಿಗಳಿರುವ ಮಕ್ಕಳ ಮೈಮನಸ್ಸು ಈ ಭಾರದಿಂದ ತಹಬಂದಿಗೆ ಬರುತ್ತದೆ ಎಂಬುದು ಇದರ ಹಿಂದಿರುವ ನಂಬಿಕೆ. ಮೈಸೂರಿನ ಕುವೆಂಪುನಗರದಲ್ಲಾಗಲಿ ಬೆಂಗಳೂರಿನ ಜಯನಗರದಲ್ಲಾಗಲಿ ಈ ಶಾಖೆಯವಳನ್ನು ಗುರುತಿಸುವುದು ಕಷ್ಟವಲ್ಲ: ಚೂಡಿದಾರದ ಮೇಲೆ ದಾರದ ತುಂಡುಗಳು, ತಲೆಗೂದಲಲ್ಲಿ ಒಂದೆರಡು ಮಣಿ, ಮತ್ತು ಎದುರಿಗೆ ಸಿಕ್ಕ ಯಾವ ಮಗುವನ್ನೇ ಆಗಲಿ ಮೇಲಿಂದ ಕೆಳಗೆ ನೋಡಿ ಅದರ ತೂಕವನ್ನು ಅರ್ಧ ಕೆಜಿ ಆಚೀಚೆಯಾಗದಂತೆ ಅಂದಾಜು ಮಾಡುವ ಕಣ್ಣು.

ಹೊದಿಕೆಯಮ್ಮ ಹುಟ್ಟುವುದು ಥೆರಪಿ ಕೇಂದ್ರದ ಹೊರಗಿನ ಬೆಂಚಿನ ಮೇಲೆ. ಮಗು ಒಳಗೆ ಇರುವ ಮುಕ್ಕಾಲು ಗಂಟೆಯನ್ನು ಬೆಂಚಿನ ಮೇಲೆ ಕಳೆಯುವ ತಾಯಂದಿರ ಭಾಷೆಯೇ ಬೇರೆ. ಅದರಲ್ಲಿ ‘ಸ್ಪೀಚು’ ಎಂದರೆ ಭಾಷಣವಲ್ಲ, ಮಾತಿನ ಚಿಕಿತ್ಸೆ. ‘ಓಟಿ’ ಎಂದರೆ ಆಕ್ಯುಪೇಷನಲ್ ಥೆರಪಿ, ಅಂದರೆ ಉಣ್ಣುವುದು, ಉಡುವುದು, ಬರೆಯುವುದು, ಒಂದೆಡೆ ಕೂರುವುದು ಮೊದಲಾದ ದಿನನಿತ್ಯದ ಕೆಲಸಗಳಿಗೆ ಮೈಯನ್ನು ಅಣಿಗೊಳಿಸುವ ಚಿಕಿತ್ಸೆ. ‘ಮಗನಿಗೆ ವಾರಕ್ಕೆ ಮೂರು ಓಟಿ’ ಎಂದು ಕೇಳಿದ ಕಾರ್ಖಾನೆಯ ನೌಕರನಿಗೆ ಹೆಚ್ಚುವರಿ ಕೂಲಿಯೂ, ಆಸ್ಪತ್ರೆಯ ಪರಿಚಯವಿರುವವರಿಗೆ ಶಸ್ತ್ರಚಿಕಿತ್ಸೆಯ ಕೋಣೆಯೂ ನೆನಪಾಗುವುದರಿಂದ, ನೆಂಟರ ಮನೆಯ ಮದುವೆಗಳಲ್ಲಿ ಈಕೆ ಅಭಿನಂದನೆ ಸಂತಾಪಗಳೆರಡನ್ನೂ ಸ್ವೀಕರಿಸಿ ಅಭ್ಯಾಸವಾದವಳು. ಒಂದು ದಿನ ಓಟಿ ಮೇಡಂ ತೂಕದ ಹೊದಿಕೆಯ ಮಾತೆತ್ತುತ್ತಾರೆ. ಆನ್‌ಲೈನಿನಲ್ಲಿ ಅದರ ಬೆಲೆ ನೋಡಿದ ತಾಯಿ, ‘ಇದನ್ನ ನಾನೇ ಹೊಲೀಬಹುದಲ್ವಾ’ ಎನ್ನುತ್ತಾಳೆ. ಒಂದು ಉದ್ಯಮಕ್ಕೆ ಬೇಕಾದ ಮೂಲ ಬಂಡವಾಳ ಇಷ್ಟೇ. ಉಳಿದದ್ದನ್ನು ತವರಿನಿಂದ ಬಂದ ಹೊಲಿಗೆ ಯಂತ್ರ ನೋಡಿಕೊಳ್ಳುತ್ತದೆ.

ಪದವಿಯಲ್ಲಿ ವಾಣಿಜ್ಯಶಾಸ್ತ್ರ ಓದಿದ ಈಕೆ ಆರು ತಿಂಗಳೊಳಗೆ ನರಶಾಸ್ತ್ರದ ವಿದುಷಿಯಾಗುವುದು ಈ ಶಾಖೆಯ ವಿಶೇಷ ಲಕ್ಷಣ. ಕಣ್ಣು ಮುಚ್ಚಿದ್ದರೂ ಕೈಕಾಲು ಎಲ್ಲಿವೆ ಎಂದು ಸ್ನಾಯು ಕೀಲುಗಳ ಮೂಲಕ ತಿಳಿಯುವ ಅರಿವಿಗೆ ‘ಪ್ರೊಪ್ರಿಯೊಸೆಪ್ಷನ್’ ಎಂದು ಹೆಸರಿದ್ದು, ಈ ಪದವನ್ನು ಆಕೆ ‘ಒಗ್ಗರಣೆ’ ಎಂಬಷ್ಟು ಸಲೀಸಾಗಿ ಬಳಸುತ್ತಾಳೆ. ಇಂದ್ರಿಯಗಳಿಂದ ಬರುವ ಸುದ್ದಿಗಳನ್ನು ಮೆದುಳು ಹೊಂದಿಸಿಕೊಳ್ಳುವ ಬಗೆಯನ್ನು ಕುರಿತು 1972ರಲ್ಲಿ ಗ್ರಂಥ ಬರೆದ ಅಮೆರಿಕದ ಜೀನ್ ಏರ್ಸ್ ಆಕೆಗೆ ಕುಲಗುರು. ಟೆಂಪಲ್ ಗ್ರ್ಯಾಂಡಿನ್ ಇಷ್ಟದೇವತೆ. ಸ್ವತಃ ಆಟಿಸಂ ಇರುವ ಗ್ರ್ಯಾಂಡಿನ್, ಹರೆಯದಲ್ಲಿ ಅರಿಜೋನಾದಲ್ಲಿ ಮಲತಂದೆಯ ಸೋದರಿಯ ದನದ ಫಾರಂನಲ್ಲಿ, ಚುಚ್ಚುಮದ್ದು ಹಾಕಲು ದನಗಳನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಕಟ್ಟನ್ನು, ಅಂದರೆ ನಮ್ಮ ಪಶು ಆಸ್ಪತ್ರೆಗಳ ಮುಂದೆ ನೆಟ್ಟಿರುವ ಕಂಬಗಳ ದೂರದ ಸಂಬಂಧಿಯನ್ನು, ಕಂಡು, ಒತ್ತಿ ಹಿಡಿದಾಗ ಕೆಲವು ದನಗಳು ಶಾಂತವಾಗುವುದನ್ನು ಗಮನಿಸಿ, ತನಗಾಗಿಯೇ ಅಂಥದೊಂದು ಅಪ್ಪುಗೆಯ ಯಂತ್ರ ಮಾಡಿಕೊಂಡು, 1992ರಲ್ಲಿ ಆ ಗಾಢ ಒತ್ತಡದ ಪರಿಣಾಮವನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಈ ಕಥೆಯನ್ನು ಹೊದಿಕೆಯಮ್ಮ ಹರಿಕಥೆಯ ದಾಸರಂತೆ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ ಹೇಳಬಲ್ಲಳು. 2014ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಪರೀಕ್ಷೆಯ ವಿಷಯಕ್ಕೆ ಬಂದಾಗ ಮಾತ್ರ ಕಂಠ ಸ್ವಲ್ಪ ಏರಿಳಿಯುತ್ತದೆ: ಆಟಿಸಂ ಇರುವ 67 ಮಕ್ಕಳು ಪೂರ್ಣಗೊಳಿಸಿದ ಆ ಪರೀಕ್ಷೆಯಲ್ಲಿ, ಭಾರದ ಹೊದಿಕೆಯಿಂದ ನಿದ್ದೆಯ ಅವಧಿಯೇನೂ ಹೆಚ್ಚಲಿಲ್ಲ ಎಂಬ ಪೂರ್ವಾರ್ಧವನ್ನು ಆಕೆ ತಗ್ಗಿದ ದನಿಯಲ್ಲಿಯೂ, ಆದರೂ ಮಕ್ಕಳೂ ಹೆತ್ತವರೂ ಸಾದಾ ಹೊದಿಕೆಗಿಂತ ಅದನ್ನೇ ಮೆಚ್ಚಿದರು ಎಂಬ ಉತ್ತರಾರ್ಧವನ್ನು ಪಕ್ಕದ ಮನೆಗೆ ಕೇಳುವಂತೆಯೂ ಹೇಳುತ್ತಾಳೆ. ಪೂರ್ವಾರ್ಧವನ್ನು ಬಿಟ್ಟೇಬಿಡುವ ವ್ಯಾಪಾರಿಗಳೂ ಇರುವ ಲೋಕದಲ್ಲಿ ಇದನ್ನು ಪ್ರಾಮಾಣಿಕತೆಯೆಂದೇ ಕರೆಯಬೇಕು.

ಮನೆಯೊಳಗಿನ ವಿಮರ್ಶೆ ಇದಕ್ಕಿಂತ ಕಠಿಣವಾದುದು. ಚಳ್ಳಕೆರೆ ಸೀಮೆಯ ಕುರಿಯುಣ್ಣೆಯ ಕಂಬಳಿ, ನೇಯ್ದ ಮೇಲೆ ಹುಣಸೆಬೀಜದ ಸರಿ ಹಚ್ಚಿಸಿಕೊಂಡು ಬಿರುಸಾಗಿ ನಿಲ್ಲುವ ಆ ಕರಿ ಕಂಬಳಿ, ಮತ್ತು ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಉತ್ತರ ಕರ್ನಾಟಕದ ಕೌದಿ, ಇವೆರಡನ್ನೂ ಹೊದ್ದು ಬೆಳೆದ ಅತ್ತೆಗೆ ಸೊಸೆಯ ಸಂಶೋಧನೆಯಲ್ಲಿ ಹೊಸತೇನೂ ಕಾಣುವುದಿಲ್ಲ. ‘ಅಲ್ಲ ಕಣೇ, ನಮ್ಮಮ್ಮನ ಕಂಬಳಿ ಹೊದ್ರೆ ಮಗ್ಗುಲು ತಿರುಗೋಕೂ ಆಗ್ತಿರಲಿಲ್ಲ, ಅದಕ್ಕೆ ಯಾವ ಡಾಕ್ಟರು ಚೀಟಿ ಬರ್ಕೊಟ್ಟಿದ್ರು?’ ಎಂಬ ಅವರ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರವಿಲ್ಲ. ಹಸುಗೂಸಿನ ತಲೆ ದುಂಡಗಾಗಲೆಂದು ಸಾಸಿವೆ ದಿಂಬು ಇಡುವ ಪದ್ಧತಿಯನ್ನು ಆಧಾರವಾಗಿಟ್ಟುಕೊಂಡು, ದುಡ್ಡು ಕೊಟ್ಟು ಪ್ಲಾಸ್ಟಿಕ್ ತರುವ ಬದಲು ರಾಗಿಯನ್ನೇ ತುಂಬಬಹುದೆಂದು ಅವರು ಸೂಚಿಸುವುದೂ ಉಂಟು. ಧಾನ್ಯ ತುಂಬಿದ ಹೊದಿಕೆಗೆ ಹುಳು ಬೀಳುವುದೊಂದು ತೊಡಕಾದರೆ, ಅದನ್ನು ಒಗೆಯಲಾಗದು ಎಂಬುದು ಇನ್ನೊಂದು. ಮಗು ಹಾಸಿಗೆ ಒದ್ದೆ ಮಾಡುವ ಮನೆಗಳಲ್ಲಿ ರಾಗಿಯ ಹೊದಿಕೆ ಮೂರನೆಯ ದಿನಕ್ಕೆ ಮೊಳಕೆಯೊಡೆದು, ಚಿಕಿತ್ಸಾ ಸಾಧನವಾಗಿ ಬಂದದ್ದು ರಾಗಿ ಮಾಲ್ಟಿನ ಕಾರ್ಖಾನೆಯಾಗಿ ಪರಿವರ್ತನೆ ಹೊಂದುವ ಅಪಾಯವಿದೆ. ಪ್ಲಾಸ್ಟಿಕ್ ಹರಳಿಗೆ ಈ ದೋಷಗಳಿಲ್ಲವಾದರೂ, ಅದು ನೋಡುವುದಕ್ಕೆ ಸಬ್ಬಕ್ಕಿಯಂತೆಯೇ ಇರುವುದರಿಂದ, ಏಕಾದಶಿಯ ದಿನ ಡಬ್ಬಿಗಳ ಮೇಲೆ ಚೀಟಿ ಅಂಟಿಸಿಡುವುದು ಅನಿವಾರ್ಯ.

ತಯಾರಿಕೆಯ ಕ್ರಮವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಹೊದಿಕೆಯಮ್ಮನ ನಿಜವಾದ ವ್ಯಕ್ತಿತ್ವ ಬೆಳಗುವುದು ಭಾಷಣದಲ್ಲಲ್ಲ, ಭಾಗಾಕಾರದಲ್ಲಿ. ಮಗುವಿನ ತೂಕದ ಹತ್ತರಲ್ಲೊಂದು ಪಾಲಿನಷ್ಟು ಹೊದಿಕೆಯ ತೂಕವಿರಬೇಕೆಂಬುದು ಈ ಕಸುಬಿನಲ್ಲಿ ರೂಢಿಯಾಗಿರುವ ಲೆಕ್ಕ. ಅಂದರೆ 25 ಕೆಜಿಯ ಮಗುವಿಗೆ ಎರಡೂವರೆ ಕೆಜಿ. ಅದರಲ್ಲಿ ಬಟ್ಟೆಯ ಪಾಲು ಅರ್ಧ ಕೆಜಿ ಹೋದರೆ ಉಳಿದದ್ದು 2000 ಗ್ರಾಂ ಹರಳು. ಉದ್ದಕ್ಕೆ ಹತ್ತು, ಅಡ್ಡಕ್ಕೆ ಎಂಟರಂತೆ 80 ಚೌಕಗಳಾದರೆ ಚೌಕಕ್ಕೆ 25 ಗ್ರಾಂ. ಮೊದಲು ಮೂರು ಕಡೆ ಹೊಲಿದು ಮೂಟೆಯಂತೆ ಮಾಡಿ, ಮೇಲಿಂದ ಕೆಳಕ್ಕೆ ಏಳು ಗೆರೆ ಹೊಲಿಗೆ ಹಾಕಿದಾಗ ಎಂಟು ಉದ್ದನೆಯ ಕೊಳವೆಗಳಾಗುತ್ತವೆ. ಪ್ರತಿ ಕೊಳವೆಗೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ 25 ಗ್ರಾಂ ಹರಳನ್ನು ಆಲಿಕೆಯಿಂದ ಸುರಿದು, ಕೆಳಗಿಳಿಯುವಂತೆ ಕೊಡವಿ, ಅಡ್ಡ ಹೊಲಿಗೆ ಹಾಕಿ ಮುಚ್ಚಿ, ಮತ್ತೆ ಎಂಟು ಸಲ ತೂಗಿ ಸುರಿಯಬೇಕು. ಹೀಗೆ ಹತ್ತು ಸುತ್ತು. ಆರನೆಯ ಸುತ್ತಿಗೆ ಬರುವ ಹೊತ್ತಿಗೆ ಯಂತ್ರದ ಮೇಲೆ ಒಂದು ಕೆಜಿಗೂ ಮೀರಿದ ಭಾರ ಮಲಗಿದ್ದು, ಹೊಲಿಯುವವಳು ಎಡಗೈಯಲ್ಲಿ ಅದನ್ನು ಎಳೆಮಗುವಿನಂತೆ ಎತ್ತಿ ಹಿಡಿದು ಬಲಗೈಯಲ್ಲಿ ಚಕ್ರ ತಿರುಗಿಸಬೇಕಾಗುತ್ತದೆ. ಆಗ ಕೆಳಗಿಳಿಯದೆ ಹೊಲಿಗೆಯ ದಾರಿಯಲ್ಲಿ ಉಳಿದ ಒಂದೇ ಒಂದು ಹರಳು ಸೂಜಿಗೆ ಸಿಕ್ಕಿತೆಂದರೆ, ‘ಟಕ್’ ಎಂಬ ಸದ್ದಿನೊಂದಿಗೆ ಸೂಜಿ ಮುರಿದು, ಅದರ ಮೊನೆ ಎಲ್ಲಿ ಹೋಯಿತೆಂದು ತಿಳಿಯುವವರೆಗೆ ಉದ್ಯಮ ಸ್ಥಗಿತಗೊಳ್ಳುತ್ತದೆ. ಮಗುವಿನ ಮೈಗೆ ತಾಗುವ ವಸ್ತುವಿನಲ್ಲಿ ಸೂಜಿಮೊನೆ ಉಳಿಯಬಾರದಾದ್ದರಿಂದ, ಫ್ರಿಜ್ಜಿನ ಬಾಗಿಲಿನಿಂದ ಕಿತ್ತ, ಧರ್ಮಸ್ಥಳದ ಚಿತ್ರವಿರುವ ಅಯಸ್ಕಾಂತದ ಬಿಲ್ಲೆಯನ್ನು ಹೊದಿಕೆಯ ಮೇಲೆ ಇಂಚಿಂಚೂ ಆಡಿಸಿ ಹುಡುಕುವ ಆಕೆಯನ್ನು ಆ ಕ್ಷಣದಲ್ಲಿ ಕಂಡವರು ಏನೋ ಶಾಂತಿಕರ್ಮ ನಡೆದಿದೆಯೆಂದು ಭಾವಿಸಿ ಚಪ್ಪಲಿ ಬಿಟ್ಟು ಒಳಬರುವುದುಂಟು.

ಗಿರಾಕಿಗಳಲ್ಲಿ ಹೆಚ್ಚಿನವರು ಆಕೆಯಂತೆಯೇ ಬೆಂಚಿನ ಮೇಲೆ ಕೂತು ಬಂದವರಾದ್ದರಿಂದ ವ್ಯವಹಾರದಲ್ಲಿ ಸೌಹಾರ್ದವೇನೋ ಇರುತ್ತದೆ, ಆದರೆ ಚೌಕಾಸಿ ಎಂಬುದು ಸೌಹಾರ್ದಕ್ಕೆ ಸೋಲುವ ವಿದ್ಯೆಯಲ್ಲ. ತೂಕದಿಂದ ಮಾರುವ ವಸ್ತುವನ್ನು ತರಕಾರಿಯ ನ್ಯಾಯದಲ್ಲಿಯೇ ಕೊಳ್ಳಬೇಕೆಂಬ ಸಂಸ್ಕಾರ ಬಲವಾಗಿರುವುದರಿಂದ, ‘ಅಕ್ಕಾ, ಅರ್ಧ ಕೆಜಿ ಕಮ್ಮಿ ಹಾಕಿ, ರೇಟು ಸರಿ ಮಾಡಿ’ ಎನ್ನುವವರು ಒಂದು ಬಗೆ. ಕೊಸರು ಕೇಳುವವರು ಇನ್ನೊಂದು ಬಗೆ. ಬಟ್ಟೆಯ ಆಯ್ಕೆ ಮಗುವಿನದು. ಚಿಕ್ಕಪೇಟೆಯ ಸಗಟು ಅಂಗಡಿಗಳಲ್ಲಿ ಆನೆ, ಮೊಲ, ಕಾರು, ನಕ್ಷತ್ರಗಳ ಚಿತ್ರವಿರುವ ಹತ್ತಿ ಬಟ್ಟೆ ಧಾರಾಳವಾಗಿ ದೊರೆಯುತ್ತದೆ. ಆದರೆ ಲೋಕದಲ್ಲಿ ಸೀಲಿಂಗ್ ಫ್ಯಾನನ್ನು ಬಿಟ್ಟು ಬೇರೇನನ್ನೂ ಪ್ರೀತಿಸದ ಏಳು ವರ್ಷದ ಹುಡುಗನಿಗಾಗಿ ‘ಫ್ಯಾನಿನ ಪ್ರಿಂಟು ಇದೆಯಾ’ ಎಂದು ಅಂಗಡಿಯಿಂದ ಅಂಗಡಿಗೆ ಕೇಳಿಕೊಂಡು ಹೋಗುವ ಹೆಂಗಸನ್ನು ಅಲ್ಲಿನ ಗುಮಾಸ್ತರು ಬಹುಕಾಲ ನೆನಪಿಟ್ಟುಕೊಳ್ಳುತ್ತಾರೆ. ಇವೆಲ್ಲಕ್ಕಿಂತ ದುರಂತವಾದುದು ಲೇಬಲ್ಲಿನ ಕಥೆ. ಉದ್ಯಮಕ್ಕೊಂದು ಹೆಸರು ಬೇಕೆಂದು ಸಂಸಾರವೆಲ್ಲ ಕೂಡಿ ತಿಂಗಳುಗಟ್ಟಲೆ ಚರ್ಚಿಸಿ, ಚಿನ್ನದ ಬಣ್ಣದ ದಾರದಲ್ಲಿ ಐನೂರು ಲೇಬಲ್ ನೇಯಿಸಿ ತಂದ ಮೇಲೆ, ಈ ಹೊದಿಕೆ ಬೇಕಾಗಿರುವ ಮಕ್ಕಳಲ್ಲಿ ಬಹುಮಂದಿಗೆ ಅತ್ಯಂತ ಅಸಹನೀಯವಾದ ವಸ್ತು ಬಟ್ಟೆಯ ಲೇಬಲ್ಲೇ ಎಂಬ ಸತ್ಯ ನೆನಪಾಗುತ್ತದೆ. ತನ್ನ ಮಗನ ಅಂಗಿಗಳ ಲೇಬಲ್ಲನ್ನು ಎಂಟು ವರ್ಷ ಕತ್ತರಿಸುತ್ತ ಬಂದವಳಿಗೆ ಇದು ಮೊದಲೇ ಹೊಳೆಯದೆ ಹೋದದ್ದು ಹೇಗೆಂಬುದಕ್ಕೆ, ಉದ್ಯಮಿಯಾದವರಿಗೆ ಗ್ರಹಣ ಹಿಡಿಯುವ ಬಗೆಯೇ ಹಾಗೆ ಎಂಬುದೊಂದೇ ವಿವರಣೆ.

ಶಾಲೆಯ ಸಮವಸ್ತ್ರವನ್ನು ಮುಂದಿನ ವರ್ಷಕ್ಕೂ ಬರಲೆಂದು ಎರಡು ಇಂಚು ಮಡಿಸಿ ಹೊಲಿಸುವ ಸಮಾಜದಲ್ಲಿ, ‘ಹೇಗೂ ಮಗು ಬೆಳೆಯುತ್ತೆ, ಒಂದೆರಡು ಕೆಜಿ ಜಾಸ್ತಿನೇ ಹಾಕ್ಬಿಡಿ’ ಎಂಬ ಬೇಡಿಕೆ ಬಾರದೆ ಇರುವುದಿಲ್ಲ. ರಾತ್ರಿ ಎದ್ದು ಓಡಾಡುವ ಮಗುವಿಗೆ ಏಳಲಾಗದಷ್ಟು ಹೊದಿಕೆ ಭಾರವಾದರೆ ಮನೆಮಂದಿಗೆ ನಿದ್ದೆ ಬರುತ್ತದೆ ಎಂದು ದಣಿದ ದನಿಯಲ್ಲಿ ಕೇಳುವವರೂ ಇದ್ದಾರೆ. ಇಲ್ಲಿಗೆ ಬಂದಾಗ ಮಾತ್ರ ಹೊದಿಕೆಯಮ್ಮನ ಮುಖದಲ್ಲಿ ನಗೆ ಉಳಿಯುವುದಿಲ್ಲ. ಮಗು ತಾನೇ ತಳ್ಳಿಕೊಂಡು ಹೊರಬರಲು ಆಗದಂಥ ಹೊದಿಕೆ ಹೊದಿಕೆಯೇ ಅಲ್ಲ ಎಂಬುದು ಆಕೆಯ ಧರ್ಮಶಾಸ್ತ್ರದ ಮೊದಲ ಸೂತ್ರ. ಕೆನಡಾದ ಕ್ವಿಬೆಕ್‌ನಲ್ಲಿ 2008ರಲ್ಲಿ ಆಟಿಸಂ ಇದ್ದ ಒಂಬತ್ತು ವರ್ಷದ ಹುಡುಗನೊಬ್ಬ ಶಾಲೆಯಲ್ಲಿ ಇಂಥ ಹೊದಿಕೆಯಲ್ಲಿ ಸುತ್ತಲ್ಪಟ್ಟು ತೀರಿಕೊಂಡ ಸುದ್ದಿಯನ್ನೂ, ಹಸುಗೂಸುಗಳ ಮೇಲೆ ಭಾರದ ಹೊದಿಕೆ ಹಾಕಬಾರದೆಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2022ರಲ್ಲಿ ಹೇಳಿರುವುದನ್ನೂ ಆಕೆ ಬಲ್ಲಳು. ಕಥೆಯ ರಾಗವಿಲ್ಲದೆ ಅವನ್ನು ಹೇಳಿ, ಮುಂಗಡವನ್ನು ಅಂದೇ ವಾಪಸು ಕಳಿಸುತ್ತಾಳೆ. ಹಾಗೆ ಕಳಿಸಿದ ಮೇಲೆ ಅದೇ ತಾಯಿಯೊಂದಿಗೆ ರಾತ್ರಿ ಹನ್ನೊಂದರವರೆಗೆ ಫೋನಿನಲ್ಲಿ ಮಾತಾಡುವುದಕ್ಕೆ ಯಾವ ದರಪಟ್ಟಿಯೂ ಇಲ್ಲ.

ದರದ ವಿಷಯ ಬಂದದ್ದರಿಂದ ಅರ್ಥವ್ಯವಸ್ಥೆಯನ್ನು ನೋಡಬಹುದು. ಕೊರಿಯರ್ ಕಂಪನಿಗಳು ಸಾಮಾನ್ಯವಾಗಿ ಪೊಟ್ಟಣದ ಉದ್ದ, ಅಗಲ, ಎತ್ತರಗಳನ್ನು ಗುಣಿಸಿ 5000ದಿಂದ ಭಾಗಿಸಿ ಬರುವ ಗಾತ್ರದ ತೂಕವನ್ನೂ ನಿಜವಾದ ತೂಕವನ್ನೂ ಹೋಲಿಸಿ, ಯಾವುದು ಹೆಚ್ಚೋ ಅದಕ್ಕೆ ಹಣ ಪಡೆಯುತ್ತವೆ. ಹತ್ತಿದಿಂಬು ಕಳಿಸುವವರು ಗಾತ್ರದ ಲೆಕ್ಕದಲ್ಲಿ ಸೋತರೆ, ಮಡಿಸಿದಾಗ ಪುಟ್ಟದಾಗಿ ಕಾಣುವ ಹೊದಿಕೆಯವಳು ತೂಕದ ಲೆಕ್ಕದಲ್ಲಿ ಸೋಲುತ್ತಾಳೆ. ತಾನು ಗ್ರಾಂ ಗ್ರಾಂ ಕೂಡಿಸಿ ಮಾರಿದ ಸದ್ಗುಣಕ್ಕೇ ದಂಡ ತೆರುವುದು ಬೇರೆ ಯಾವ ವ್ಯಾಪಾರದಲ್ಲಿದೆಯೋ ತಿಳಿಯದು. ಕಲಬುರಗಿ, ರಾಯಚೂರುಗಳಿಂದ ಬರುವ ಬೇಡಿಕೆಗಳಿಗೆ, ಅಲ್ಲಿನ ಮೇ ತಿಂಗಳ 40 ಡಿಗ್ರಿಗೂ ಮೀರಿದ ಬಿಸಿಲನ್ನು ನೆನೆದು, ಹೊದಿಕೆಯ ಬದಲು ತೊಡೆಯ ಮೇಲಿಟ್ಟುಕೊಳ್ಳುವ ಸಣ್ಣ ಭಾರದ ಪಟ್ಟಿಯನ್ನು ಆಕೆಯೇ ಸೂಚಿಸುವುದರಿಂದ ಅಲ್ಲಿಯೂ ಲಾಭ ತಗ್ಗುತ್ತದೆ. ಕೇಂದ್ರ ಸರ್ಕಾರದ ‘ಉದ್ಯಮ್’ ನೋಂದಣಿ ಉಚಿತವಾಗಿದ್ದು, ಅದರ ಪ್ರಮಾಣಪತ್ರ ಲ್ಯಾಮಿನೇಟ್ ಆಗಿ ಲಕ್ಷ್ಮಿಯ ಪಟದ ಪಕ್ಕದಲ್ಲಿ ತೂಗುತ್ತಿದೆ. 2025ರ ಏಪ್ರಿಲ್‌ನಿಂದ, ಹೂಡಿಕೆಯೂ ಮಿತಿಯೊಳಗಿದ್ದರೆ, ವಾರ್ಷಿಕ ವಹಿವಾಟು 10 ಕೋಟಿ ಮೀರದ ಉದ್ದಿಮೆಗಳೆಲ್ಲ ‘ಅತಿಸಣ್ಣ’ ಎಂಬ ಒಂದೇ ವರ್ಗಕ್ಕೆ ಸೇರುವುದರಿಂದ, ಒಂಬತ್ತು ಕೋಟಿಯ ವಹಿವಾಟಿನವರೂ ತಾನೂ ಒಂದೇ ಪಂಕ್ತಿಯಲ್ಲಿ ಕೂತಿರುವ ಸಂತೋಷ ಆಕೆಗಿದೆ. ಬ್ಯಾಂಕಿನಲ್ಲಿರುವ ಗಂಡ ಮಾಡಿಕೊಟ್ಟ ಎಕ್ಸೆಲ್ ಹಾಳೆಯಲ್ಲಿ ಬಟ್ಟೆ, ದಾರ, ಹರಳು, ಸೂಜಿ, ಕೊರಿಯರ್ ಎಂಬ ಕಲಂಗಳೆಲ್ಲ ಪೈಸೆ ಸಹಿತ ತುಂಬಿದ್ದು, ‘ಕೂಲಿ’ ಎಂಬ ಕಲಂ ಮಾತ್ರ ಮೊದಲ ದಿನದಿಂದಲೂ ಖಾಲಿ ಇದೆ. ಅಲ್ಲಿ ಏನನ್ನಾದರೂ ಬರೆದರೆ ಕೊನೆಯ ಸಾಲು ಕೆಂಪಾಗುತ್ತದೆ ಎಂಬುದನ್ನು ಗಂಡಹೆಂಡಿರಿಬ್ಬರೂ ಬಲ್ಲರು, ಇಬ್ಬರೂ ಆ ಮಾತೆತ್ತುವುದಿಲ್ಲ.

ಇಷ್ಟಾದ ಮೇಲೆ, ಯಾವ ಮಗನಿಗಾಗಿ ಈ ಉದ್ಯಮ ಹುಟ್ಟಿತೋ ಅವನಿಗೆ ಹೊದಿಕೆಯಿಂದ ಏನಾಯಿತು ಎಂಬ ಪ್ರಶ್ನೆಯನ್ನು ಗಿರಾಕಿಗಳು ಕೇಳದಿರುವುದು ದೈವಕೃಪೆ. ಮೊಟ್ಟಮೊದಲ ಹೊದಿಕೆಯನ್ನು ಅವನು ಎರಡು ನಿಮಿಷ ಹೊದ್ದು, ಒದ್ದು, ಎದ್ದು ಹೋದ. ಅದೀಗ ಅತ್ತೆಯ ಮಂಡಿಯ ಮೇಲಿದೆ, ಸಂಜೆಯ ಧಾರಾವಾಹಿಯ ಹೊತ್ತಿನಲ್ಲಿ ಅದಿಲ್ಲದೆ ಅವರಿಗೆ ಆಗುವುದಿಲ್ಲ, ಮತ್ತು ಕಂಬಳಿಯ ಪ್ರಸ್ತಾಪ ಆಮೇಲೆ ಕಡಿಮೆಯಾಗಿದೆ. ಒಂಬತ್ತು ವರ್ಷದ ಹುಡುಗನಿಗೆ ಬೇಕಾದದ್ದು ಹೊದಿಕೆಯಲ್ಲ, ಹರಳಿನ ಮೂಟೆ. ಶಾಲೆಯಿಂದ ಬಂದವನೇ ಮೂಟೆಯ ಬಾಯಿ ಬಿಚ್ಚಿ, ಎರಡೂ ಕೈಗಳನ್ನು ಮೊಳಕೈವರೆಗೆ ಒಳಗಿಳಿಸಿ, ಯಂತ್ರದ ಸದ್ದಿಗೆ ತಲೆದೂಗುತ್ತ ಮುಕ್ಕಾಲು ಗಂಟೆ ಕೂರುತ್ತಾನೆ. ಎದ್ದು ಹೋಗುವಾಗ ಎರಡು ಹಿಡಿ ಜೇಬಿಗೆ ಹಾಕಿಕೊಳ್ಳುತ್ತಾನೆ. ರಾತ್ರಿ ಬಟ್ಟೆ ನೆನೆಹಾಕುವ ಮೊದಲು ತಾಯಿ ಅವನ ಚಡ್ಡಿಯ ಜೇಬನ್ನು ತಕ್ಕಡಿಯ ತಟ್ಟೆಯ ಮೇಲೆ ಕೊಡವಿ, ಮುಳ್ಳು ನಿಂತ ಮೇಲೆ, ದಾಸ್ತಾನು ಪುಸ್ತಕದ ಆ ದಿನದ ಪುಟದಲ್ಲಿ ‘ಜೇಬಿನಿಂದ ವಾಪಸು, 40 ಗ್ರಾಂ’ ಎಂದು ಬರೆದು, ಪುಸ್ತಕ ಮುಚ್ಚುತ್ತಾಳೆ.