ಪಾರಣೆಯ ಪಾಯಸ

ಸುಖದುಃಖಗಳು ಒಂದನ್ನೊಂದು ಬಿಟ್ಟಿರಲಾರವೆಂಬ ತತ್ತ್ವವನ್ನು ಬೋಧಿಸುವ ಭಾರವನ್ನು ನಮ್ಮ ಹಿರಿಯರು ಯುಗಾದಿಯ ಬೇವುಬೆಲ್ಲದ ಮೇಲೆ ಹೊರಿಸಿದ್ದಾರೆ. ಆದರೆ ಬೇವಿನ ಹೂವಿನ ಎರಡೆಸಳನ್ನು ನಿಂಬೆಯ ಗಾತ್ರದ ಬೆಲ್ಲದೊಳಗೆ ಅಡಗಿಸಿ ಕಣ್ಣು ಮುಚ್ಚಿ ನುಂಗಿಬಿಡುವ ನಮ್ಮಂಥವರಿಗೆ ಅದರಿಂದ ಕಹಿಯ ಪರಿಚಯವೂ ಆಗುವುದಿಲ್ಲ, ಬೆಲ್ಲದ ಬೆಲೆಯೂ ತಿಳಿಯುವುದಿಲ್ಲ. ಈ ಶಾಸ್ತ್ರದಲ್ಲಿ ನನಗೆ ಅಕ್ಷರಾಭ್ಯಾಸ ಮಾಡಿಸಿದುದು ಏಕಾದಶಿ.

ಮಾಧ್ವರ ಮನೆಯಲ್ಲಿ ಹುಟ್ಟಿದವನಿಗೆ ಇದು ವರ್ಷಕ್ಕೆ 24 ಸಲ, ಅಧಿಕಮಾಸ ಬಂದರೆ 26 ಸಲ, ಬೇಡವೆಂದರೂ ಒದಗುವ ಭಾಗ್ಯ. ದಶಮಿಯಂದು ಒಂದೇ ಊಟ. ಏಕಾದಶಿಯಂದು ಅದೂ ಇಲ್ಲ. ದ್ವಾದಶಿಯ ಬೆಳಗ್ಗೆ ಪಾರಣೆ. ಬೇರೆ ದಿನಗಳಲ್ಲಿ ಹರಟೆಯ ಭರದಲ್ಲಿ ಮಧ್ಯಾಹ್ನದ ಊಟವನ್ನೇ ಮರೆತು ಕುಳಿತಿರಬಲ್ಲ ನನ್ನ ಹೊಟ್ಟೆ, ಏಕಾದಶಿಯ ಸೂರ್ಯ ಮೂಡುವುದೇ ತಡ, ಏಳು ಜನ್ಮದ ಹಸಿವನ್ನು ಜ್ಞಾಪಿಸಿಕೊಂಡು ಮೊರೆಯಿಡತೊಡಗುತ್ತದೆ. ಇಂದಿನ ನಿರಾಹಾರವನ್ನು ಹೇಗೋ ಸಹಿಸಬಹುದು. ನಾಳೆ ಪಾಯಸವುಂಟೆಂಬ ಅರಿವನ್ನು ಸಹಿಸುವುದು ಕಷ್ಟ.

ಇದರ ಮೇಲೆ ಪಂಚಾಂಗದ ಕೃಪೆ ಬೇರೆ. ಅರುಣೋದಯಕ್ಕೆ ದಶಮಿಯ ಸೋಂಕು ತಗಲಿತೆಂದರೆ ಆ ದಿನ ನಮಗೆ ಸಲ್ಲದು, ಉಪವಾಸ ಮರುದಿನಕ್ಕೆ ಸರಿಯುತ್ತದೆ. ಸೂರ್ಯೋದಯದೊಳಗೆ ದಶಮಿ ತೀರಿದರೆ ಸಾಕೆನ್ನುವ ಪಕ್ಕದ ಮನೆಯ ಸ್ಮಾರ್ತರು ಹಿಂದಿನ ದಿನವೇ ಉಪವಾಸ ಮುಗಿಸಿರುತ್ತಾರೆ. ಹೀಗಾಗಿ ನಮ್ಮ ಉಪವಾಸದ ಬೆಳಗ್ಗೆಯೇ ಅವರ ಪಾರಣೆ. ಗೋಡೆಯಾಚೆ ಏಲಕ್ಕಿ ಕುಟ್ಟುವ ಸದ್ದು, ತುಪ್ಪದಲ್ಲಿ ಗೋಡಂಬಿ ಹುರಿಯುವ ಘಮಲು. ಅದಾದ ಸ್ವಲ್ಪ ಹೊತ್ತಿಗೆ ಜಗಲಿಗೆ ಬಂದು ನಿಲ್ಲುವ ಶಾಸ್ತ್ರಿಗಳು.

“ಏನು ರಾಯರೇ, ಮುಖ ಬಾಡಿದೆಯಲ್ಲ?”

“ಇವತ್ತು ನಮಗೆ ಏಕಾದಶಿ, ಶಾಸ್ತ್ರಿಗಳೇ.”

“ಓಹೋ! ನಮ್ಮದು ನಿನ್ನೆಗೇ ಆಯಿತು ನೋಡಿ,” ಎಂದು ಅವರು ಒಂದು ದೀರ್ಘವಾದ ತೇಗನ್ನು ತೇಗುತ್ತಿದ್ದರು. ಆ ತೇಗಿಗೆ ಪಾಯಸ ಕಾರಣವಾಗಿರಬಹುದು. ಅದಕ್ಕೆ ಅಷ್ಟು ದೈರ್ಘ್ಯವನ್ನು ಕೊಟ್ಟುದು ಮಾತ್ರ ನನ್ನ ಬಾಡಿದ ಮುಖವೆಂದು ನಾನು ಬಲ್ಲೆ. ಮರುದಿನ ನಾನೂ ಅದೇ ಜಗಲಿಯ ಮೇಲೆ ನಿಂತು ತೇಗಿ ನೋಡಿದ್ದೇನೆ. ಎದುರಿಗೆ ಹಸಿದವರು ಯಾರೂ ಇಲ್ಲದ್ದರಿಂದ ಅದು ಅಷ್ಟು ಸೊಗಸಾಗಲಿಲ್ಲ.

ದ್ವಾದಶಿಯ ಅಡುಗೆಯನ್ನು ನಿಷ್ಪಕ್ಷಪಾತವಾಗಿ ವಿಮರ್ಶಿಸಿದರೆ ಅದರಲ್ಲಿ ಹೊಗಳುವಂಥದೇನೂ ಇಲ್ಲ. ನಮ್ಮ ಮನೆಯಲ್ಲಿ ಅಂದು ಹುಣಸೆಹಣ್ಣಿಲ್ಲ, ಮೆಣಸಿನಕಾಯಿಯಿಲ್ಲ, ತೊಗರಿಬೇಳೆಯಿಲ್ಲ; ಹೆಸರುಬೇಳೆ, ಕಾಳುಮೆಣಸು, ಅಗಸೆಸೊಪ್ಪಿನ ಪಲ್ಯ, ನೆಲ್ಲಿಕಾಯಿಯ ತಂಬುಳಿ. ಸಾಧಾರಣ ದಿನ ಇದನ್ನೇ ಬಡಿಸಿದ್ದರೆ ಮನೆಯಲ್ಲಿ ಯಾರಿಗೆ ಜ್ವರವೆಂದು ವಿಚಾರಿಸುತ್ತಿದ್ದೆ. ಆದರೆ ಆ ಬೆಳಗ್ಗೆ ಅಗಸೆಸೊಪ್ಪಿನ ಕಹಿ ನಾಲಗೆಗೆ ತಾಗಿದೊಡನೆ, ಇಂಥ ರುಚಿಯಿರುವ ಲೋಕವನ್ನು ಮಿಥ್ಯೆಯೆಂದು ಹೇಳಲು ಯಾರಿಗಾದರೂ ಹೇಗೆ ಮನಸ್ಸು ಬಂದೀತೆಂದು ಆಶ್ಚರ್ಯವಾಗಿ, ದ್ವೈತಮತದಲ್ಲಿ ನನ್ನ ಶ್ರದ್ಧೆ ಇಮ್ಮಡಿಯಾಗುತ್ತದೆ.

ನನ್ನ ಭಾವಮೈದುನ ಸುಧಾರಿಸಿದ ಮನುಷ್ಯ. ಅವನ ಏಕಾದಶಿ ಬೆಳಗ್ಗೆ ಅವಲಕ್ಕಿಯಿಂದ ಆರಂಭವಾಗಿ, ಸಬ್ಬಕ್ಕಿ ಉಪ್ಪಿಟ್ಟನ್ನು ಹಾದು, ರಾತ್ರಿ ಬಾಳೆಹಣ್ಣು ಬಾದಾಮಿಹಾಲುಗಳಲ್ಲಿ ಪರ್ಯವಸಾನಗೊಳ್ಳುತ್ತದೆ. ಹಸಿವೆಯ ಬಾಧೆಯಿಲ್ಲದೆ ಪುಣ್ಯವನ್ನು ಸಂಪಾದಿಸುವ ಈ ಮಾರ್ಗದಲ್ಲಿ ದೋಷ ಹುಡುಕಲು ನಾನು ಧರ್ಮಶಾಸ್ತ್ರಜ್ಞನಲ್ಲ. ಆದರೆ ಮರುದಿನ ಪಾರಣೆಗೆ ಕುಳಿತು, ನಾನು ಎಲೆಯ ಅಂಚಿನವರೆಗೂ ಬಳಿದು ಉಣ್ಣುತ್ತಿರುವಾಗ, ಅವನು ಪಲ್ಯವನ್ನು ಬೆರಳಿನಿಂದ ಅತ್ತಿತ್ತ ಸರಿಸಿ, “ಅಕ್ಕಾ, ಇವತ್ತು ಹುಳಿ ಮಾಡಲಿಲ್ಲವೇ?” ಎಂದು ಕೇಳಿದಾಗ ನನಗೆ ಅವನ ಮೇಲೆ ಮರುಕ ಹುಟ್ಟಿತು. ಉಪವಾಸವನ್ನು ತಪ್ಪಿಸಿಕೊಂಡವನಿಗೆ ಪಾರಣೆಯೂ ತಪ್ಪಿಹೋಗಿತ್ತು.

ಇವೆರಡನ್ನೂ ಮೀರಿದವರು ನಮ್ಮ ಅಜ್ಜಿ. ಒಂದು ತೊಟ್ಟು ನೀರನ್ನೂ ಮುಟ್ಟದೆ ಏಕಾದಶಿಯನ್ನು ಕಳೆದು, ಮರುದಿನ ಎಲ್ಲರಿಗೂ ಬಡಿಸಿ, ಕೊನೆಗೆ ತಮ್ಮ ಎಲೆಗೆ ಬಂದ ಪಾಯಸವನ್ನು “ನನಗೆ ಯಾಕೋ, ಹುಡುಗನಿಗೆ ಹಾಕು” ಎಂದು ಹಿಂದಿರುಗಿಸುತ್ತಿದ್ದರು. ಗೀತೆಯಲ್ಲಿ ಹೇಳಿದ ದ್ವಂದ್ವಾತೀತರೆಂದರೆ ಇಂಥವರೇ ಇರಬೇಕು. ಆ ಪದವಿ ನನಗೂ ಲಭಿಸಲೆಂದು ಪ್ರಾರ್ಥಿಸುವ ಧೈರ್ಯ ನನಗೆ ಇದುವರೆಗೆ ಬಂದಿಲ್ಲ. ದ್ವಂದ್ವವನ್ನು ದಾಟಿದವರ ಪಾಲಿನ ಪಾಯಸ ದಾಟದವರಿಗೆ ಸಲ್ಲುವ ಪದ್ಧತಿ ಇರುವವರೆಗೆ, ಈಚೆಯ ದಡದಲ್ಲಿಯೇ ಎಲೆ ಹಾಕಿಕೊಂಡು ಕುಳಿತಿರುವುದು ಲೇಸೆಂದು ತೋರುತ್ತದೆ.