ಪರರ ಸೀಮೆಗೆ ದಂಡು ಕಳಿಸುವವರಿಗೆ ಕೈಪಿಡಿ (ಗೊಬ್ಬೂರ ಆವೃತ್ತಿ)

ಸೂಚನೆ 1. ಮೊದಲು ಹೆಸರಿಡಿ. ಯುದ್ಧ ಅನ್ನಬೇಡಿ. 1948ರ ಸೆಪ್ಟೆಂಬರ್ 13ರಂದು ಸೊಲ್ಲಾಪುರದ ಕಡೆಯಿಂದ ಭಾರತದ ಟ್ಯಾಂಕುಗಳು ನಿಜಾಮರ ಹೈದರಾಬಾದ್ ಸಂಸ್ಥಾನದ ನಳದುರ್ಗದತ್ತ ಹೊರಟವು. ನಮ್ಮ ಅಫಜಲಪುರ, ಆಳಂದದವರಿಗೆ ಅದು ನೆರೆಹೊರೆ. ಸೈನ್ಯದ ಕಡತದಲ್ಲಿ ಅದು ‘ಆಪರೇಷನ್ ಪೋಲೋ’, ಕುದುರೆಯ ಆಟದ ಹೆಸರು. ಜನರಿಗೆ ಹೇಳಿದ್ದು ‘ಪೊಲೀಸ್ ಕಾರ್ಯಾಚರಣೆ’. ಟ್ಯಾಂಕು ಹೊಡೆಯುವ ಪೊಲೀಸರು ಈ ಸೀಮೆಗೆ ಆಮೇಲೆ ಮತ್ತೆ ಬಂದಿಲ್ಲ.

ಅದು ಪರದೇಶದ ದಂಡೋ, ಮನೆಯವರದೋ ಎಂದು ಕೇಳುವವರಿದ್ದಾರೆ. ಹೈದರಾಬಾದ್ ಸರ್ಕಾರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಒಯ್ದಿತ್ತು. ದಿಲ್ಲಿ, ಇದು ನಮ್ಮ ಮನೆಯ ಮಾತು ಎಂದಿತು. ಮಂಡಳಿ 16ಕ್ಕೆ ಕೂತಿತು. 17ಕ್ಕೆ ನಿಜಾಮರೇ ಸೋಲೊಪ್ಪಿಕೊಂಡರು.

ಸೂಚನೆ 2. ಕರೆದವರು ಯಾರು, ನೋಡಿಕೊಳ್ಳಿ. ದೊರೆ ತನ್ನ ಗಾದಿಗಾಗಿ ಕರೆಸಿದ ದಂಡಿನ ಲೆಕ್ಕವೇ ಬೇರೆ. ಬ್ರಿಟಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿಯ ಸಹಾಯಕ ಸೈನ್ಯ ಪದ್ಧತಿಗೆ 1798ರಲ್ಲಿ ಎಲ್ಲರಿಗಿಂತ ಮೊದಲು ಸಹಿ ಹಾಕಿದವರು ಹೈದರಾಬಾದಿನ ನಿಜಾಮರು. ಆ ದಂಡಿನ ಖರ್ಚಿಗೆಂದು 1800ರಲ್ಲಿ ಬಳ್ಳಾರಿ, ಕಡಪ ಹೋದವು. ಬ್ರಿಟಿಷರದೇ ಇನ್ನೊಂದು ದಂಡಿನ ಬಾಕಿಗೆಂದು 1853ರಲ್ಲಿ ಬೇರಾರ್ ಹೋಯಿತು. ದಂಡು ಮನೆ ಕಾಯಲಿಲ್ಲ ಎನ್ನುವಂತಿಲ್ಲ, ಕಾಯಿತು. ಪಗಾರಕ್ಕೆ ಬದಲು ಕೋಣೆಗಳನ್ನು ಬರೆಸಿಕೊಂಡಿತು, ಅಷ್ಟೆ.

1948ರಲ್ಲಿ ಹಾದಿ ಕಾದಿದ್ದು ದೊರೆಯಲ್ಲ, ಪ್ರಜೆ. ನಿಜಾಮರ ಪರ ನಿಂತ ಖಾಸಗಿ ಪಡೆ ರಜಾಕಾರರ ಹಾವಳಿಗೆ ಊರು ಬಿಟ್ಟವರು ಗಡಿಯಾಚೆಯ ಶಿಬಿರಗಳಲ್ಲಿದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಬೀದರ ಸೀಮೆಯ ಗೋರಟಾದಲ್ಲಿ ರಜಾಕಾರರು ಇನ್ನೂರಕ್ಕೂ ಹೆಚ್ಚು ಜನರನ್ನು ಕೊಂದಿದ್ದರು. ಆ ನೊಂದವರೆದುರು ನಿಂತು ಸಾರ್ವಭೌಮತ್ವದ ಪಾಠ ಹೇಳುವ ಧೈರ್ಯ ನನಗಂತೂ ಇಲ್ಲ.

ಸೂಚನೆ 3 (ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ). ನಮ್ಮ ಕಡೆ ಜೋಳ ತುಂಬಿಡುವ ಹಗೇವು ಗೊತ್ತಲ್ಲ? ನೆಲದೊಳಗಿನ ಕಣಜ. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವುದಿಲ್ಲ. ಕಟ್ಟಿಕೊಂಡ ಕೆಟ್ಟ ಗಾಳಿ ಹೋಗಲೆಂದು ತೆರೆದಿಡುತ್ತಾರೆ, ಹಗ್ಗಕ್ಕೆ ಕಂದೀಲು ಕಟ್ಟಿ ಬಿಡುತ್ತಾರೆ. ಕಂದೀಲು ಆರಿತೋ, ಕೆಳಗೆ ಉಸಿರಿಲ್ಲ. “ತಡೀರಿ ಯಪ್ಪಾ, ಇಳೀಬ್ಯಾಡ್ರಿ!” ಎಂದು ಕೂಗಲು ಮೇಲೊಬ್ಬ ಹಿರಿಯ ಇದ್ದೇ ಇರುತ್ತಾನೆ.

ರಾಜ್ಯದ ಬಾಯಿ ತೆಗೆದಾಗಲೂ ಅಷ್ಟೇ. ನಿಜಾಮರ ಪೊಲೀಸರು ಓಡಿಹೋದರು, ಹೊಸ ಆಡಳಿತ ಹಳ್ಳಿ ಮುಟ್ಟಿರಲಿಲ್ಲ. ನಡುವಿನ ವಾರಗಳಲ್ಲಿ ಸೇಡು ಇಳಿಯಿತು. ರಜಾಕಾರ ಅಂದರೇನೆಂದೂ ಅರಿಯದ ಮುಸ್ಲಿಮರು ಸತ್ತರು. ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಕಡಿಮೆ ಹಿಡಿದರೂ 27ರಿಂದ 40 ಸಾವಿರ ಜನ ಸತ್ತಿರಬೇಕೆಂದು ಬರೆಯಿತು. ಹೆಚ್ಚು ಪೆಟ್ಟು ಬಿದ್ದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ನಾಂದೇಡ, ಬೀದರ ಮತ್ತು ನಮ್ಮ ಗುಲಬರ್ಗಾ. ತಮ್ಮ ಜೀವ ಒತ್ತೆಯಿಟ್ಟು ಮುಸ್ಲಿಂ ನೆರೆಯವರನ್ನು ಉಳಿಸಿದ ಹಿಂದೂಗಳ ಮಾತೂ ಆ ವರದಿಯಲ್ಲಿದೆ.

ವಾರಂಟಿ. ದಂಡಿನ ಜತೆ ಮತಪತ್ರ ಬಾರದಿದ್ದರೆ ವಾರಂಟಿ ಇಲ್ಲ. ನಮಗೆ 1952ರಲ್ಲಿ ವೋಟು ಬಂತು, 1956ರಲ್ಲಿ ಕನ್ನಡ ನಾಡು ಸೇರಿದೆವು. ಬಾಂಗ್ಲಾದೇಶದಲ್ಲಿ 1971ರ ಡಿಸೆಂಬರಿನಲ್ಲಿ ಗೆದ್ದ ಭಾರತದ ಸೈನ್ಯ 1972ರ ಮಾರ್ಚಿಗೆ ಗಂಟುಮೂಟೆ ಕಟ್ಟಿತು. ಅಮೆರಿಕದವರು ಅಫ್ಘಾನಿಸ್ತಾನದ ಹಗೇವಿನಲ್ಲಿ 20 ವರ್ಷ ಕೂತು, 2021ರಲ್ಲಿ ಎದ್ದು ಹೋದರು. ತಾಲಿಬಾನ್ ಮತ್ತೆ ಅಲ್ಲೇ ಬಂದು ಕೂತಿತು.

ನನ್ನ ತೀರ್ಪು ಕೇಳಿದರೆ, 1948ರ ದಂಡಿನಿಂದ ನಮಗೆ ಒಳ್ಳೆಯದಾಯಿತು. ಆದರೆ ಅದರ ಖರ್ಚಿನ ಪಟ್ಟಿ ಹರಿದು ಒಗೆಯುವ ಹಕ್ಕು ಒಳ್ಳೆಯದಾದವರಿಗೆ ಇಲ್ಲ. ಸೆಪ್ಟೆಂಬರ್ 17ಕ್ಕೆ ಪ್ರತಿ ವರ್ಷ ಧ್ವಜ ಹಾರಿಸುತ್ತೇವೆ. 2019ರಿಂದ ಅದರ ಹೆಸರು ಕಲ್ಯಾಣ ಕರ್ನಾಟಕ ಉತ್ಸವ. ಭಾಷಣದಲ್ಲಿ ಗೋರಟಾ ಇರುತ್ತದೆ, ಇರಲೇಬೇಕು. ಸುಂದರಲಾಲ್ ವರದಿ ಇರುವುದಿಲ್ಲ. ದಶಕಗಳ ಕಾಲ ಮುಚ್ಚಿಟ್ಟಿದ್ದ ಆ ವರದಿ 2013ರ ಹೊತ್ತಿಗೆ ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಓದಲು ಸಿಕ್ಕಿತು. ಮುಂದಿನ 17ಕ್ಕೆ ನಿಮ್ಮೂರ ಶಾಲೆಯಲ್ಲಿ ಮೈಕು ನಿಮ್ಮ ಕೈಗೆ ಬಂದರೆ, ಅದರದೊಂದು ಪುಟ ಓದಿರಿ.