ನಂಬರ್ ಒನ್ ಹೋರಿ ಯಾವುದು? ವಾದ ಹೂಡುವವರಿಗೊಂದು ಕೈಪಿಡಿ

ಬಳಕೆಗೆ ಮುನ್ನ ಓದಿ

ಈ ಕೈಪಿಡಿ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಯಾವ ಚಾದಂಗಡಿಯಲ್ಲಾದರೂ ಕೆಲಸಕ್ಕೆ ಬರುತ್ತದೆ. ಬ್ಯಾಡಗಿ, ರಾಣೇಬೆನ್ನೂರಿಗೂ ನಡೆದೀತು. ಶಿಕಾರಿಪುರ, ಸೊರಬದ ಕಡೆ ಹೋದಾಗ ದನಿ ಒಂದಿಷ್ಟು ತಗ್ಗಿಸಿಕೊಳ್ಳಿ. ಅಲ್ಲಿನವರಿಗೂ ಅವರದೇ ಹೋರಿಗಳಿವೆ, ಅವರದೇ ಹಟವಿದೆ. ಬಲಿಪಾಡ್ಯಮಿಗೆ ಹೋರಿ ಹಬ್ಬದ ಹಂಗಾಮು ಶುರುವಾಗಿ ಸುಗ್ಗಿಯ ದಿನಗಳವರೆಗೆ ಊರೂರಿನಲ್ಲಿ ಅಖಾಡ ಕಟ್ಟುತ್ತಾರೆ. ಉಳಿದ ತಿಂಗಳು ಹೋರಿಗೆ ಬಿಡುವು ಸಿಗುತ್ತದೆ, ವಾದಕ್ಕೆ ಸಿಗುವುದಿಲ್ಲ.

ಮುಖ್ಯವಾಗಿ ಇದನ್ನು ಬರೆದದ್ದು ಮೊದಲ ದೀಪಾವಳಿಗೆ ಮಾವನ ಮನೆಗೆ ಬರುವ ಬೆಂಗಳೂರಿನ ಅಳಿಯಂದಿರಿಗಾಗಿ. ಹೋಳಿಗೆ ಉಂಡು ಕಟ್ಟೆಗೆ ಬಂದು ಕೂತ ಅಳಿಯ ಕೇಳಬಾರದ ಪ್ರಶ್ನೆಯನ್ನೇ ಮೊದಲು ಕೇಳುತ್ತಾನೆ: “ಇದರಲ್ಲಿ ಫಸ್ಟ್ ಯಾರು ಅಂತ ಹೆಂಗೆ ಗೊತ್ತಾಗತ್ತೆ?” ಮಾವ ಉತ್ತರ ಕೊಡುವುದಿಲ್ಲ. ಚಪ್ಪಲಿ ಮೆಟ್ಟಿಕೊಂಡು “ಬರ್ರೀ ಅಳಿಯಂದ್ರ, ಚಾ ಕುಡದ ಬರೋಣ” ಅನ್ನುತ್ತಾರೆ. ರಾತ್ರಿ ಊಟದ ಹೊತ್ತಿಗೆ ಇಬ್ಬರೂ ಮನೆಗೆ ಮರಳಿದರೆ ಅದೇ ದೊಡ್ಡದು.

ಬೇಕಾಗುವ ಸಾಮಗ್ರಿ

ಒಂದು ಹೋರಿ. ಹಳ್ಳಿಕಾರ್, ಅಮೃತಮಹಲ್, ಖಿಲಾರಿ, ಯಾವುದಾದರೂ ಸರಿ. ಕೊಬ್ಬರಿ ಹೋರಿಯಾದರೆ ಕೊರಳಿಗೆ ಒಣಕೊಬ್ಬರಿ ಬಟ್ಟಲುಗಳ ಸರ ಬಿಗಿದು, ಮೈಮೇಲೆ ಜೂಲ ಹೊದಿಸಿ, ಕೋಡಿಗೆ ಬಣ್ಣ ಬಳಿದು ಅಖಾಡಕ್ಕೆ ಬಿಡುತ್ತಾರೆ. ಎರಡೂ ಕಡೆ ಜನ, ನಡುವೆ ಹಾದಿ, ಹಾದಿಯ ತುಂಬ ಹಿಡಿಯುವ ಹುಡುಗರು. ಹುಡುಗರು ಕೊಬ್ಬರಿ ಹರಿದರೆ ಗೆಲುವು ಅವರದು, ಹರಿಯಗೊಡದೆ ಹಾದಿ ದಾಟಿದರೆ ಹೋರಿಯದು. ಪೀಪಿ ಹೋರಿಯದು ಬೇರೆಯೇ ದರ್ಬಾರು. ಕೋಡುಗಳ ನಡುವೆ ಬಲೂನು, ರಿಬ್ಬನ್ನು ಕಟ್ಟಿದ ಎತ್ತರದ ಪೀಪಿ ಹೊತ್ತು ತೇರು ಓಡಿದ ಹಾಗೆ ಓಡುತ್ತದೆ. ಹೊಸಬರು ಪೀಪಿ ಹೋರಿಯ ಗೊಡವೆಗೆ ಹೋಗಬೇಡಿ. ಚಂದದ ಬಗ್ಗೆ ಜಗಳವಾಡಲು ಇನ್ನೂ ಅನುಭವ ಬೇಕು.

ಒಂದು ಹೆಸರು. ಸಿನಿಮಾದ ಹೆಸರಾದರೆ ಒಳ್ಳೆಯದು, ದೇವರ ಹೆಸರಾದರೂ ಆದೀತು, ಕೊನೆಗೊಂದು ಅಂಕಿ ಸೇರಿಸಿದರೆ ಇನ್ನೂ ಗತ್ತು. ಹಿರೇಕೆರೂರಿನವರು ‘ಕೌರವ’ ಸಿನಿಮಾದ ನಾಯಕ ಬಿ.ಸಿ. ಪಾಟೀಲರನ್ನೇ ಶಾಸಕರನ್ನಾಗಿ ಮಾಡಿದವರು. ಈ ಸೀಮೆಯಲ್ಲಿ ಬೆಳ್ಳಿತೆರೆಗೂ ಊರ ಕಟ್ಟೆಗೂ ಅಷ್ಟೇನೂ ದೂರವಿಲ್ಲ. ಹೋರಿಗೆ ಅಭಿಮಾನಿ ಬಳಗವಿರುತ್ತದೆ, ಬಳಗಕ್ಕೆ ಒಂದೇ ಬಣ್ಣದ ಟೀ ಶರ್ಟ್ ಇರುತ್ತದೆ, ಟೀ ಶರ್ಟಿನ ಬೆನ್ನ ಮೇಲೆ ಹೋರಿಯ ಫೋಟೋ ಇರುತ್ತದೆ. ಹೋರಿ ಸಾಕಿದವನ ಫೋಟೋ ಇರಲೇಬೇಕೆಂದೇನೂ ಇಲ್ಲ.

ಇವಿಷ್ಟರ ಜೊತೆಗೆ ಚಹಾ, ಸವಣೂರಿನ ಖಾರ, ಮತ್ತು ನಿಮ್ಮ ಮಾತನ್ನು ಒಪ್ಪದ ಕನಿಷ್ಠ ಇಬ್ಬರು.

ಮೊದಲ ಹೆಜ್ಜೆ: ಹೋರಿ ಮೊದಲು, ಮಾನದಂಡ ಆಮೇಲೆ

ದೊಡ್ಡ ಹೋರಿ ಯಾವುದೆಂದು ಅಳೆಯುವ ಕೋಲನ್ನು ಮುಂಚೆಯೇ ತೋರಿಸುವವನು ಪೆದ್ದ. ಮೊದಲು ನಿಮ್ಮ ಹೋರಿ ಯಾವುದೆಂದು ಗಟ್ಟಿ ಮಾಡಿಕೊಳ್ಳಿ. ಆಮೇಲೆ ಅದು ಯಾವುದರಲ್ಲಿ ಮುಂದಿದೆಯೋ ಅದನ್ನೇ ಮಾನದಂಡ ಮಾಡಿ. ಬಹುಮಾನ ಬಹಳ ಗೆದ್ದಿದ್ದರೆ “ಗೆದ್ದಿದ್ದ ಲೆಕ್ಕಕ್ಕ ಬರ್ತೈತಿ, ಉಳಿದದ್ದೆಲ್ಲಾ ಗಾಳಿ ಮಾತು” ಅನ್ನಿ. ಗೆದ್ದಿಲ್ಲವಾದರೆ “ಬೈಕು ಫ್ರಿಜ್ಜು ಎಣಿಸಿ ಹೋರಿ ಅಳಿಯಾಕ ಅದೇನ್ ವರದಕ್ಷಿಣಿಗೆ ಬಂದ ವರಾ?” ಅನ್ನಿ. ಎರಡೂ ಮಾತು ಒಂದೇ ಬಾಯಲ್ಲಿ, ಒಂದೇ ಸಂಜೆ ಬಂದರೂ ಯಾರೂ ಆಕ್ಷೇಪಿಸುವುದಿಲ್ಲ. ಎದುರಿನವರೂ ಅದನ್ನೇ ಮಾಡುತ್ತಿರುತ್ತಾರೆ.

ಅಳಿಯ ಅಮೆರಿಕದ ಕಂಪನಿಗೆ ದುಡಿಯುವವನಾದರೆ ಇಲ್ಲಿ ಅವನಿಗೆ ಸಮಾಧಾನವಾಗುವ ಸಂಗತಿಯೊಂದಿದೆ. ಅಲ್ಲಿನ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಒಬ್ಬ ಆಟಗಾರನಿರುತ್ತಾನೆ. ಚೆಂಡು ಅವನ ಕೈಗೆ ಬಂದ ಕ್ಷಣದಿಂದ ಎದುರು ತಂಡದ ದಾಂಡಿಗರು ಅವನನ್ನು ನೆಲಕ್ಕೆ ಕೆಡವಲು ನುಗ್ಗುತ್ತಾರೆ. ಅಷ್ಟರೊಳಗೆ ಅವನು ಚೆಂಡನ್ನು ತನ್ನವರಿಗೆ ಎಸೆಯಬೇಕು. ನಿಜವಾದ ಶ್ರೇಷ್ಠ ಯಾರು ಎಂದು ಅಲ್ಲಿಯೂ ದಶಕಗಳಿಂದ ಇದೇ ಕಿತ್ತಾಟ. ಟಾಮ್ ಬ್ರೇಡಿ ಸೂಪರ್ ಬೌಲ್ ಎಂಬ ಫೈನಲನ್ನು 7 ಸಲ ಗೆದ್ದ, ಮುಗಿಯಿತು ಅನ್ನುತ್ತದೆ ಒಂದು ಬಣ. ಡ್ಯಾನ್ ಮರೀನೊ 1984ರ ಒಂದೇ ಹಂಗಾಮಿನಲ್ಲಿ 5,084 ಗಜ ಎಸೆದ, ಅಷ್ಟು ಎಸೆದವರು ಆವರೆಗೆ ಯಾರೂ ಇರಲಿಲ್ಲ, ಅವನಿಗೆ ಒಂದೂ ಸೂಪರ್ ಬೌಲ್ ಸಿಗಲಿಲ್ಲ, ಹಾಗಾದರೆ ಅವನು ಸಣ್ಣವನೇ ಅನ್ನುತ್ತದೆ ಇನ್ನೊಂದು ಬಣ. ಮೂರನೆಯವನು ಟ್ರೆಂಟ್ ಡಿಲ್ಫರ್ ಹೆಸರೆತ್ತುತ್ತಾನೆ. 2001ರ ಜನವರಿಯಲ್ಲಿ ಬಾಲ್ಟಿಮೋರ್ ತಂಡಕ್ಕೆ ಸೂಪರ್ ಬೌಲ್ ಗೆದ್ದುಕೊಟ್ಟ ಆತನನ್ನು ತಂಡ ಮುಂದಿನ ಹಂಗಾಮಿಗೆ ಇಟ್ಟುಕೊಳ್ಳಲೇ ಇಲ್ಲ. ಆ ಗೆಲುವು ಕಾವಲು ಪಡೆಯದು, ಎಸೆದವನದಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಜಗಳ ಹರಿಯಲೆಂದು ಅವರು ಗಣಿತದ ಮೊರೆಯನ್ನೂ ಹೋದರು. 1973ರಲ್ಲಿ ಸೂತ್ರವೊಂದು ಜಾರಿಗೆ ಬಂತು: ಗುರಿ ಮುಟ್ಟಿದ ಎಸೆತಗಳ ಪ್ರಮಾಣ, ಎಸೆತಕ್ಕೆ ಸಿಕ್ಕ ಗಜ, ಟಚ್‌ಡೌನ್, ಎದುರಾಳಿಯ ಪಾಲಾದ ಎಸೆತ, ಈ ನಾಲ್ಕನ್ನೂ ಕಲಸಿ ಒಂದು ಅಂಕ. ಪೂರ್ಣಾಂಕ ಎಷ್ಟು ಗೊತ್ತೇ? 100 ಅಲ್ಲ, 158.3. ನಮ್ಮ ಊರ ಕಮಿಟಿ ಇಂಥದೊಂದು ಅಂಕಿ ಹೇಳಿದ್ದರೆ ಮೈಕು ಕಿತ್ತುಕೊಳ್ಳುತ್ತಿದ್ದರು. ಅರ್ಧ ಶತಮಾನ ದಾಟಿದರೂ ಆ ಅಂಕಿಯಿಂದ ಅಲ್ಲಿನ ಜಗಳ ಒಂದಿಂಚೂ ಕಡಿಮೆಯಾಗಿಲ್ಲ. ಈಗ ಸೂತ್ರದ ಬಗ್ಗೆಯೂ ಜಗಳವಾಡುತ್ತಾರೆ.

ಎರಡನೆಯ ಹೆಜ್ಜೆ: ಗಡಿಯಾರವನ್ನು ಹತ್ತಿರ ಬಿಟ್ಟುಕೊಳ್ಳಬೇಡಿ

“ಎಷ್ಟು ಸೆಕೆಂಡಿಗೆ ಓಡ್ತು?” ಎಂದು ಯಾರಾದರೂ ಕೇಳಿದರೆ ಅವರು ಕರಾವಳಿ ಕಡೆಯವರೆಂದು ತಿಳಿಯಿರಿ. ಕಂಬಳದಲ್ಲಿ ಕೋಣಗಳಿಗೆ ಲೇಸರ್ ಗಡಿಯಾರವಿದೆ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಅದನ್ನು ಯಾರೋ 100 ಮೀಟರಿಗೆ ಇಳಿಸಿ 9.55 ಎಂದು ಲೆಕ್ಕ ಹಾಕಿದರು. ಉಸೇನ್ ಬೋಲ್ಟ್‌ನ ದಾಖಲೆ 9.58. ದೇಶವೆಲ್ಲ ಗದ್ದಲವೆದ್ದಿತು, ಗೌಡರು ಮಾತ್ರ ಓಟದ ಟ್ರಯಲ್ಸಿಗೆ ಹೋಗದೆ ತಮ್ಮ ಪಾಡಿಗೆ ತಾವು ಕೋಣಗಳ ಜೊತೆ ಉಳಿದರು. ಬುದ್ಧಿವಂತರು.

ನಮ್ಮ ಹೋರಿಗೆ ಗಡಿಯಾರ ಯಾಕೆ ಸಲ್ಲದು ಎಂಬುದಕ್ಕೆ ಕಾರಣವಿದೆ. ಕೋಣಕ್ಕೆ ಎದುರಿಗಿರುವುದು ಕೆಸರು ನೀರು, ಹೋರಿಗೆ ಎದುರಿಗಿರುವುದು ಕೈಗಳು. ಬಾಗಿಲಲ್ಲಿ ಹಗ್ಗ ಸಡಿಲಿಸಿದಾಗ ಎಳೆಯ ಹೋರಿ ಕಣ್ಣುಮುಚ್ಚಿ ನುಗ್ಗುತ್ತದೆ. ಅದರ ವೇಗ ನೋಡಿ ಶಿಳ್ಳೆ ಬೀಳುತ್ತವೆ, ಹತ್ತು ಮಾರು ಹೋಗುವಷ್ಟರಲ್ಲಿ ಡುಬ್ಬಕ್ಕೊಬ್ಬ, ಕೊರಳಿಗೊಬ್ಬ ಜೋತುಬಿದ್ದು ಕೊಬ್ಬರಿ ಹಂಚಿಹೋಗಿರುತ್ತದೆ. ಪಳಗಿದ ಹೋರಿ ಹಾಗಲ್ಲ. ಹಗ್ಗ ಬಿಟ್ಟರೂ ಒಂದು ಗಳಿಗೆ ನಿಲ್ಲುತ್ತದೆ. ತಲೆ ಎತ್ತುತ್ತದೆ. ಎಡಗಡೆ ಹಿಡಿಯುವವರು ಗುಂಪಾಗಿ ನಿಂತಿದ್ದಾರೆ, ಬಲಗಡೆ ಒಬ್ಬನ ಕಾಲು ಹಿಂದಕ್ಕೆ ಸರಿದಿದೆ. ಆ ಸರಿದ ಕಾಲಿನ ಕಡೆಗೆ ಹೊರಡುತ್ತದೆ. ಹೊರಟದ್ದು ನೇರ ಅವನ ಮೇಲಲ್ಲ, ಅವನು ಬಿಟ್ಟುಕೊಡಲಿರುವ ಜಾಗಕ್ಕೆ. ಕೈ ಚಾಚುವ ಹೊತ್ತಿಗೆ ಕೊರಳು ತಗ್ಗಿಸಿ ಹೆಗಲು ಆಚೆ ಹೊರಳಿಸಿದರೆ ಕೈಗೆ ಸಿಗುವುದು ಜೂಲದ ಅಂಚು ಮಾತ್ರ. ಕ್ವಾರ್ಟರ್‌ಬ್ಯಾಕಿಗೂ ಸಿಗುವುದು ಎರಡೂವರೆ ಮೂರು ಸೆಕೆಂಡು, ಅವನು ಮಾಡುವುದೂ ಇದನ್ನೇ: ಈಗ ಎಲ್ಲಿ ತೆರವಿದೆ ಎಂದಲ್ಲ, ಇನ್ನೊಂದು ಗಳಿಗೆಯಲ್ಲಿ ಎಲ್ಲಿ ತೆರವಾಗುತ್ತದೆ ಎಂದು ನೋಡುವುದು. ನನ್ನ ಮಟ್ಟಿಗೆ ಹೋರಿಯ ದೊಡ್ಡಸ್ತಿಕೆ ಆ ನಿಂತ ಗಳಿಗೆಯಲ್ಲಿದೆ, ಓಡಿದ ದೂರದಲ್ಲಿ ಇಲ್ಲ. ಕೈಪಿಡಿ ಬರೆಯುವವನು ಪಕ್ಷ ವಹಿಸಬಾರದು ಅಂತಾರೆ. ಅನ್ನಲಿ.

ಮೂರನೆಯ ಹೆಜ್ಜೆ: ಮನೆತನ, ಮೇವು, ರೊಕ್ಕ

ಇಲ್ಲಿ ಬೇಗ ಮುಗಿಸಿ ಮುಂದೆ ಹೋಗಿ. ಹಿಂಡಿ, ಹತ್ತಿಕಾಳು, ಹುರುಳಿ ಎಷ್ಟು ಹಾಕುತ್ತೀರಿ, ಕೆರೆಯಲ್ಲಿ ಎಷ್ಟು ಹೊತ್ತು ಈಜಿಸುತ್ತೀರಿ ಎಂದು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಮನೆಯಲ್ಲೇ ಹುಟ್ಟಿದ ಹೋರಿ ದೊಡ್ಡದೋ, ಲಕ್ಷ ಸುರಿದು ತಂದದ್ದು ದೊಡ್ಡದೋ ಎಂಬುದಕ್ಕೆ ಮಾತ್ರ ಒಂದು ಉತ್ತರ ಕಿಸೆಯಲ್ಲಿರಲಿ: 2000ನೆಯ ಇಸವಿಯಲ್ಲಿ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಂಡಾಗ ಟಾಮ್ ಬ್ರೇಡಿಯ ಪಾಳಿ ಬಂದದ್ದು 199ನೆಯದಾಗಿ. ದಲ್ಲಾಳಿಗಳ ಕಣ್ಣು ಎಲ್ಲ ದೇಶದಲ್ಲೂ ಅಷ್ಟೇ.

ನಾಲ್ಕನೆಯ ಹೆಜ್ಜೆ: “ಆಗಿನ ಹೋರಿ” ಎಂಬ ಅಸ್ತ್ರ

ಹಿರಿಯರೊಬ್ಬರು ಬೀಡಿ ಆರಿಸಿ “ಅದೇನ್ ಹೋರಿನೋ ತಮ್ಮಾ. ನಮ್ಮ ಕಾಲದಾಗ...” ಎಂದು ಶುರು ಮಾಡಿದರೆ ಮಧ್ಯೆ ಬಾಯಿ ಹಾಕಬೇಡಿ. ಆ ಹೋರಿಯ ವಿಡಿಯೊ ಇಲ್ಲ, ಸೋತದ್ದು ನೆನಪಿರುವವರೂ ಇಲ್ಲ, ಹೀಗಾಗಿ ಅದನ್ನು ಸೋಲಿಸಲಿಕ್ಕಾಗದು. ಈಗಿನ ಹೋರಿಗೆ ಆ ಅನುಕೂಲವಿಲ್ಲ. ನೂರು ಮೊಬೈಲು ಎದುರಿಗಿರುತ್ತವೆ, ನಿಧಾನ ಮಾಡಿ ನೋಡಿದರೆ ಕೈ ತಾಗಿದ್ದು ಕಾಣುತ್ತದೆ. ತಾಗಿದ್ದು ಕೊಬ್ಬರಿಗೋ ಜೂಲಕ್ಕೋ ಎಂಬುದು ಮಾತ್ರ ಯಾವ ವಿಡಿಯೊದಲ್ಲೂ ಕಂಡಿಲ್ಲ.

ಹಳೆಯದೆಂದರೆ ಎಷ್ಟು ಹಳೆಯದು ಎಂದು ಕೆಣಕುವವರನ್ನು ಹಾನಗಲ್ಲಿನ ತಾರಕೇಶ್ವರ ಗುಡಿಗೆ ಕರೆದೊಯ್ದು ಅಲ್ಲಿರುವ ದೊಡ್ಡ ವೀರಗಲ್ಲು ತೋರಿಸಿ. ಅದರಲ್ಲಿರುವುದು ಯುದ್ಧವೇ ಹೊರತು ಹೋರಿಯಲ್ಲ, ನಿಜ. ಆದರೆ ಶತ್ರುಗಳು ಹೊಡೆದೊಯ್ದ ದನ ಬಿಡಿಸಲು ಹೋಗಿ ಸತ್ತವರ ತುರುಗೋಳ್ ಕಲ್ಲುಗಳು ಕನ್ನಡ ನಾಡಿನಲ್ಲಿ ಬೇಕಾದಷ್ಟಿವೆ. ದನದ ಬೆನ್ನು ಹತ್ತಿದವನಿಗೆ ಕಲ್ಲು ನಿಲ್ಲಿಸುವ ಚಾಳಿ ನಮ್ಮದು, ಟೀ ಶರ್ಟ್ ಹೊಲಿಸುವುದೇನು ಮಹಾ?

ಎಚ್ಚರಿಕೆ

ಈ ಭಾಗದಲ್ಲಿ ತಮಾಷೆಯಿಲ್ಲ. ಅಖಾಡದಲ್ಲಿ ಜನ ಸಾಯುತ್ತಾರೆ. ಹಾಗೆ ಸತ್ತವರಲ್ಲಿ ಹಿಡಿಯಲು ಹೋದವರಷ್ಟೇ ಅಲ್ಲ, ಬದಿಗೆ ನಿಂತು ನೋಡುತ್ತಿದ್ದವರೂ ಇದ್ದಾರೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಎತ್ತಿನ ಓಟಗಳನ್ನು ತಡೆಯಿತು. 2017ರಲ್ಲಿ ಕರ್ನಾಟಕ ಕಾನೂನು ತಿದ್ದಿತು, ಆ ತಿದ್ದುಪಡಿಯನ್ನು 2023ರ ಮೇ 18ರಂದು ಸಂವಿಧಾನ ಪೀಠ ಎತ್ತಿಹಿಡಿಯಿತು. ಆ ಕಾನೂನಿನಲ್ಲಿ ಹೆಸರು ಹಿಡಿದು ಹೇಳಿರುವುದು ಕಂಬಳ ಮತ್ತು ಎತ್ತಿನ ಓಟ, ಗಾಡಿ ಓಟಗಳನ್ನು. ಹೋರಿ ಹಬ್ಬದವರು ಅದೇ ನೆರಳಿನಲ್ಲಿ ನಿಂತು ಅನುಮತಿ ಕೇಳುತ್ತಾರೆ. ಬೇಲಿ ಗಟ್ಟಿಯಿಲ್ಲದ, ಆಂಬುಲೆನ್ಸ್ ನಿಲ್ಲಿಸದ ಅಖಾಡದಲ್ಲಿ ಗೆದ್ದ ಹೋರಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಳಿಯಂದಿರು ಬೇಲಿಯ ಹೊರಗೇ ಇರಿ. ಸೆಲ್ಫಿಗೆ ಹೋರಿ ನಿಲ್ಲುವುದಿಲ್ಲ.

ದೋಷ ಮತ್ತು ಪರಿಹಾರ

ನಿಮ್ಮ ಹೋರಿಯ ಕೊಬ್ಬರಿ ಎಲ್ಲರೆದುರೇ ಹರಿದುಹೋದರೆ ಗಾಬರಿಯಾಗಬೇಡಿ. ದಾರ ಹಳೆಯದಿತ್ತು. ಬಾಗಿಲಲ್ಲೇ ಜನ ನಿಂತಿದ್ದರು. ಪಟಾಕಿ ಹೊಡೆದರು. ಹಿಂದಿನ ದಿನ ಇನ್ನೊಂದು ಊರಿನಲ್ಲಿ ಓಡಿ ದಣಿದಿತ್ತು. ಡ್ರೋನ್ ನೋಡಿ ಮೇಲೆ ಕತ್ತೆತ್ತಿತು. ಇವಿಷ್ಟೂ ಮುಗಿದ ಮೇಲೆ ಕಮಿಟಿಯವರ ಮೇಲೆ ಬನ್ನಿ, ಅವರು ಅದಕ್ಕೇ ಇರುವುದು.

ಎದುರಾಳಿಯ ಹೋರಿ ಒಮ್ಮೆಯೂ ಸಿಕ್ಕೇ ಇಲ್ಲವೆಂದು ಅವರ ಬಳಗ ಕುಣಿಯುತ್ತಿದ್ದರೆ ಒಂದೇ ಪ್ರಶ್ನೆ ಕೇಳಿ: “ಹಿಡ್ಯಾಕ ಯಾರ್ ನಿಂತಿದ್ರು?” ಒಳ್ಳೆಯ ಹಿಡಿತಗಾರರಿಲ್ಲದ ಅಖಾಡ ಹುಡುಕಿ ಹುಡುಕಿ ಓಡಿಸಿ ಹೆಸರು ಮಾಡಿಸಿದ ಹೋರಿಗಳಿವೆ. ಮಾಲೀಕರಿಗೆ ಅದು ಗೊತ್ತಿರುತ್ತದೆ. ಹೀಗೆ ಕೇಳಿದಾಗ ಅವರು ಚಹಾ ಊದಿಕೊಳ್ಳತೊಡಗುತ್ತಾರೆ.

ಇಷ್ಟಾದ ಮೇಲೂ ನಿಜವಾಗಿಯೂ ತಿಳಿಯಬೇಕೆಂಬ ಹಟ ಅಳಿಯನಿಗೆ ಉಳಿದಿದ್ದರೆ ಮಾಲೀಕನನ್ನೂ ಬಿಡಿ, ಬಳಗವನ್ನೂ ಬಿಡಿ. ಅಂಗಡಿಯ ಮೂಲೆಯಲ್ಲಿ ಮುಂಗೈಗೆ ಪಟ್ಟಿ ಸುತ್ತಿಕೊಂಡು ಕೂತ ಹಿಡಿಯುವ ಹುಡುಗನನ್ನು ಹುಡುಕಿ. ಅವನಿಗೆ ಒಂದು ಪ್ಲೇಟ್ ಮಿರ್ಚಿ ಹೇಳಿ. ಹಿಡಿದವುಗಳ ಪಟ್ಟಿ ಕೇಳಬೇಡಿ, ಅದು ರಾತ್ರಿಯೆಲ್ಲ ಮುಗಿಯದು. ಕೈಗೆ ಬಂದಂತೆ ಮಾಡಿ ಜಾರಿದ್ದು ಯಾವುದೆಂದು ಕೇಳಿ. ಮೊದಲು ನಗುತ್ತಾನೆ. ಆಮೇಲೆ ಒಂದು ಹೆಸರು ಹೇಳುತ್ತಾನೆ. ಬಹುಮಟ್ಟಿಗೆ ಅದು ಯಾರ ಟೀ ಶರ್ಟಿನ ಮೇಲೂ ಇಲ್ಲದ ಹೋರಿ. ನಾಲ್ಕು ಸಲ ನಿಂತೆ, ನಾಲ್ಕೂ ಸಲ ಅದು ನನ್ನ ಕಾಲನ್ನೇ ನೋಡಿತು ಅನ್ನುತ್ತಾನೆ.

ಹೆಸರು ಬರೆದುಕೊಳ್ಳಿ. ಬರೆಯುವಷ್ಟರಲ್ಲಿ ಪಕ್ಕದ ಬೆಂಚಿನವರು ಬೀಡಿ ಕೆಳಗಿಟ್ಟು ಇತ್ತ ತಿರುಗಿರುತ್ತಾರೆ: “ಅದಾ? ಅದನ್ನ ನಮ್ಮ ಕಾಕಾನ ಮಗಾ ತಿಳವಳ್ಳ್ಯಾಗ ಒಂದ ಕೈಲೆ ಹಿಡದಾನು. ಬಾ ಇಲ್ಲೆ ಕುಂದರು, ಹೇಳ್ತೇನಿ.”